ಕಂದು ರಟ್ಟಿನ ವರದಿ

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹನ್ನೊಂದು ಕಂಪ್ಯೂಟರುಗಳಿದ್ದವು. ಅವುಗಳಲ್ಲಿ ಎರಡು ಕೆಟ್ಟಿದ್ದವು. ಉಳಿದ ಒಂಬತ್ತರ ಮುಂದೆ ಎಂ.ಎ. ಮೊದಲ ವರ್ಷದವರನ್ನು ಕೂರಿಸಿ, ಓದಿನ ಕೆಲಸಕ್ಕೆ ಇಂಟರ್ನೆಟ್ಟನ್ನು ಬಳಸುವುದು ಹೇಗೆಂದು ಐದು ದಿನ ಕಲಿಸುತ್ತಿದ್ದವರು ಚೀಟಿ ಮೇಷ್ಟ್ರು. ಅವರು ನಿಜಕ್ಕೂ ಮೇಷ್ಟ್ರಲ್ಲ, ಹಳೆಯ ದಾಖಲೆಗಳ ವಿಭಾಗದ ಸಹಾಯಕರು. ಯಾರು ಯಾವ ಪುಸ್ತಕ ಕೇಳಿದರೂ ಮೊದಲು ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಕುರ್ಚಿಯಿಂದ ಏಳುತ್ತಿದ್ದರಿಂದ ಆ ಹೆಸರು ಬಿದ್ದಿತ್ತು. ಮೂವತ್ತನಾಲ್ಕು ವರ್ಷಗಳ ಕೆಲಸದಲ್ಲಿ ಅವರು ‘ಸಿಗಲಿಲ್ಲ’ ಎಂದು ಬರೆದ ಚೀಟಿಗಳು ಏಳೇ ಏಳು. ಆ ಏಳನ್ನೂ ಮೇಜಿನ ಡ್ರಾಯರಿನಲ್ಲಿ, ಹಳೆಯ ಗಾಯದ ಗುರುತಿನ ಹಾಗೆ, ಜೋಪಾನವಾಗಿ ಇಟ್ಟುಕೊಂಡಿದ್ದರು. ಮುಂದಿನ ತಿಂಗಳ ಕೊನೆಗೆ ಅವರ ನಿವೃತ್ತಿ.

ಆ ವರ್ಷದ ತರಗತಿಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವಳು ಪಾನಾ. ಅಪ್ಪ ನಲ್ಲಿ, ಪೈಪು ರಿಪೇರಿ ಮಾಡುವವನು. ಅವನ ಕೈಯಲ್ಲಿ ಸದಾ ಇರುತ್ತಿದ್ದ, ನಟ್ಟು ಬಿಚ್ಚುವ ಪಾನಾವೇ ಗೆಳತಿಯರ ಬಾಯಲ್ಲಿ ಮಗಳ ಹೆಸರಾಗಿತ್ತು. ಮೊದಲ ದಿನ ಅವಳು ಹುಡುಕುವ ಚೌಕದಲ್ಲಿ ‘ದಯವಿಟ್ಟು ನಮ್ಮ ನಗರದ ಹಳೆಯ ಬೀದಿ ನಲ್ಲಿಗಳ ಬಗ್ಗೆ ಮಾಹಿತಿ ನೀಡಬೇಕು’ ಎಂದು ಟೈಪ್ ಮಾಡಿದಳು.

ಪಕ್ಕದವಳು ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. “ಅರ್ಜಿ ಬರೀತಿದ್ದೀಯೇನೇ? ಕೊನೇಲಿ ಇತಿ ತಮ್ಮ ವಿಧೇಯಳು ಅಂತಾನೂ ಹಾಕು.”

“ನಗಬೇಡಮ್ಮ,” ಎಂದರು ಚೀಟಿ ಮೇಷ್ಟ್ರು. “ಮರ್ಯಾದೆಯಿಂದ ಕೇಳಿದಾಳೆ. ಯಂತ್ರಕ್ಕೆ ಮರ್ಯಾದೆ ಗೊತ್ತಿಲ್ಲ, ಅಷ್ಟೇ.” ಆಮೇಲೆ ಎಲ್ಲರ ಕಡೆ ತಿರುಗಿದರು. “ಇದರೊಳಗೆ ಬಾವೀನೂ ಇದೆ, ಬಚ್ಚಲೂ ಇದೆ. ನೀರು ಎಲ್ಲಿಂದ ಬಂತು ಅಂತ ನೋಡ್ಕೊಂಡು ಕುಡೀರಿ.”

ಹುಡುಕುವ ಪದ ಎರಡೇ ಇರಲಿ, ಮೂರು ಬೇಡ ಎಂದು ಅವರು ಕಲಿಸಿದರು. ವರ್ಷದ ಮಿತಿ ಹಾಕುವುದು, ಬೇರೆ ಗ್ರಂಥಾಲಯಗಳ ಪುಸ್ತಕ ಪಟ್ಟಿಗಳಲ್ಲಿ ಇಲ್ಲಿಂದಲೇ ಹುಡುಕುವುದು, ಲೇಖನದ ಅಡಿಟಿಪ್ಪಣಿಯ ಬಾಲ ಹಿಡಿದು ಮೂಲದವರೆಗೆ ಹೋಗುವುದು, ಎಲ್ಲವನ್ನೂ ತೋರಿಸಿದರು. ಕೊನೆಗೆ ಪ್ರತಿಯೊಬ್ಬರಿಗೂ ಮೂರು ಅಂಕಣಗಳ ಹಾಳೆ ಕೊಟ್ಟರು. ಮೊದಲನೆಯದರಲ್ಲಿ ಸಿಕ್ಕಿದ್ದೇನು, ಎರಡನೆಯದರಲ್ಲಿ ಸಿಕ್ಕಿದ್ದೆಲ್ಲಿ. ಮೂರನೆಯದರಲ್ಲಿ ಒಂದೇ ಪದ: ‘ಕಂಡೆ’, ಇಲ್ಲವೇ ‘ಕೇಳಿದೆ’. ಮೂಲದ ಪುಟವನ್ನು ತಾನೇ ತೆರೆದು ಓದಿದ್ದರೆ ಕಂಡೆ. ಅದರಲ್ಲಿ ಹೀಗಿದೆ ಎಂದು ಬೇರೆ ಯಾರೋ ಬರೆದದ್ದನ್ನು ಓದಿದ್ದರೆ ಕೇಳಿದೆ. ಈ ಹಾಳೆಯನ್ನು ಪ್ರಬಂಧದ ಹಿಂದೆ ಸೇರಿಸಿ ಕೊಡಬೇಕು. ಅದು ಅವರು ಹಾಕಿಕೊಟ್ಟ ರೂಢಿ.

“ಕೇಳಿದೆ ಅಂತ ಬರೆದ್ರೆ ಮಾರ್ಕ್ಸ್ ಕಟ್ ಆಗುತ್ತಾ ಸರ್?” ಯಾರೋ ಹಿಂದಿನಿಂದ ಕೇಳಿದರು.

“ಮಾರ್ಕ್ಸ್ ವಿಷಯ ನಿಮ್ಮ ಪ್ರೊಫೆಸರ್‌ನ ಕೇಳಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಕಾಣದೇ ಇರೋದನ್ನ ಕಂಡೆ ಅಂದ್ರೆ ಏನು ಮಾಡೋಣ?”

ಪಾನಾಳ ಪ್ರಬಂಧ ಬೀದಿ ನಲ್ಲಿಗಳ ಮುಂದೆ ನೀರಿಗಾಗಿ ಕಾಯುತ್ತಿದ್ದ ಹೆಂಗಸರ ಬಗ್ಗೆ. ಮೂರು ವಾರದಲ್ಲಿ ಅವಳು ಹದಿನಾರು ಮೂಲಗಳನ್ನು ಹುಡುಕಿದ್ದಳು. ಹದಿನಾರನ್ನೂ ತಾನೇ ತೆರೆದು ಓದಿದ್ದಳು. ಪ್ರಬಂಧ ಒಪ್ಪಿಸುವ ದಿನ ಮಧ್ಯಾಹ್ನ ಮೂರೂವರೆಗೆ, ಹಳೆಯ ನಗರದ ಚಿತ್ರಗಳನ್ನು ಹಾಕುವ ಯಾರದೋ ಜಾಲತಾಣದಲ್ಲಿ ಹದಿನೇಳನೆಯದು ಸಿಕ್ಕಿತು: ‘ಅರವತ್ತನಾಲ್ಕು ಬೀದಿ ನಲ್ಲಿಗಳ ಮುಂದೆ ಒಬ್ಬೊಬ್ಬ ಹೆಂಗಸು ದಿನಕ್ಕೆ ಸರಾಸರಿ ಎರಡು ಗಂಟೆ ಹತ್ತು ನಿಮಿಷ ಕಾಯುತ್ತಿದ್ದಳು.’ ಕೆಳಗೆ ಅಡಿಟಿಪ್ಪಣಿ: ನಗರಸಭೆಯ ನೀರು ಸರಬರಾಜು ವರದಿ, 1931, ಪುಟ 47.

ಇಡೀ ಪ್ರಬಂಧ ಕಾಯುತ್ತಿದ್ದದ್ದೇ ಆ ಒಂದು ವಾಕ್ಯಕ್ಕೆ. ಗ್ರಂಥಾಲಯದ ಪಟ್ಟಿಯಲ್ಲಿ ‘ನೀರು ಸರಬರಾಜು ವರದಿಗಳು, 1924ರಿಂದ 1940, ಬಿಡಿ ಸಂಪುಟಗಳು’ ಎಂದು ಒಂದೇ ಸಾಲಿತ್ತು. ಇದ್ದೇ ಇರುತ್ತದೆ ಎಂದುಕೊಂಡಳು. ಎರಡು ಮಹಡಿ ಹತ್ತಿ ಹೋಗಿ ನೋಡಬಹುದಿತ್ತು. ಆದರೆ ಆ ವಾಕ್ಯವನ್ನು ಪ್ರಬಂಧದಲ್ಲಿ ಸೇರಿಸಿ ಮುಗಿಸುವ ಹೊತ್ತಿಗೆ ನಾಲ್ಕೂ ಐವತ್ತಾಗಿತ್ತು, ವಿಭಾಗದ ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ಮೇಲಿನಿಂದ ಕೆಳಗೆ ಹದಿನಾರು ‘ಕಂಡೆ’ಗಳ ಸಾಲು, ಅದರ ತುದಿಯಲ್ಲಿ ಒಂದು ‘ಕೇಳಿದೆ’ ಬರೆದರೆ ಬಿಳಿ ಅಂಗಿಯ ಮೇಲೆ ಶಾಯಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಹದಿನೇಳನೆಯದನ್ನೂ ‘ಕಂಡೆ’ ಎಂದು ಬರೆದು ಓಡಿದಳು.

ಪ್ರೊಫೆಸರಿಗೆ ಆ ಅಂಕಿ ತುಂಬ ಹಿಡಿಸಿತು. ತರಗತಿಯಲ್ಲಿ ಓದಿ ಹೇಳಿದರು. ತಮ್ಮ ಪುಸ್ತಕಕ್ಕೆ ಆ ಪುಟದ ನಕಲು ಬೇಕೆಂದು ಗ್ರಂಥಾಲಯಕ್ಕೆ ಕೋರಿಕೆ ಕಳಿಸಿದರು. ಅದು ಚೀಟಿ ಮೇಷ್ಟ್ರ ಕೈಯಲ್ಲಿ ಚೀಟಿಯಾಯಿತು.

ಎರಡು ದಿನ ಬಿಟ್ಟು ಅವರು ಪಾನಾಳನ್ನು ಮೆಟ್ಟಿಲ ಬಳಿ ನಿಲ್ಲಿಸಿದರು.

“ಅಮ್ಮಾ, ಆ ಮೂವತ್ತೊಂದರ ವರದಿ ಎಲ್ಲಿ ನೋಡಿದೆ? ಸಾಲಿನಲ್ಲಿ ಮೂವತ್ತಿದೆ, ಮೂವತ್ತೆರಡಿದೆ, ಮಧ್ಯದ್ದಿಲ್ಲ.”

ಆಗ ಹೇಳಿಬಿಡಬಹುದಿತ್ತು. ಹೇಳುವುದಕ್ಕೆಂದೇ ಬಾಯಿ ತೆರೆದಳು. “ಅಲ್ಲೇ ಎಲ್ಲೋ... ಮೇಲೆ, ಸರ್,” ಎಂಬ ಮಾತು ಹೊರಟಿತು.

“ಯಾರೋ ತಪ್ಪು ಜಾಗದಲ್ಲಿ ಇಟ್ಟಿರಬೇಕು. ರಟ್ಟು ಯಾವ ಬಣ್ಣ, ನೆನಪಿದೆಯಾ?”

“ಕಂದು,” ಎಂದಳು. ಹಳೆಯ ವರದಿಗಳಿಗೆಲ್ಲ ಕಂದು ರಟ್ಟೇ ಇರುತ್ತದೆ ಎಂಬ ಧೈರ್ಯ.

“ಒಳ್ಳೇದಾಯ್ತು. ಬಣ್ಣ ಗೊತ್ತಾದ್ರೆ ಅರ್ಧ ಸಿಕ್ಕ ಹಾಗೆ.” ಅವರು ಜೇಬಿನಿಂದ ಚೀಟಿ ತೆಗೆದು ‘ಕಂದು’ ಎಂದು ಬರೆದುಕೊಂಡರು.

ಹಳೆಯ ದಾಖಲೆಗಳ ಮಹಡಿಯಲ್ಲಿ ಕಂದು ರಟ್ಟಿನ ಸಂಪುಟಗಳು ನಾನೂರ ಹನ್ನೆರಡು. ಚೀಟಿ ಮೇಷ್ಟ್ರು ಏಣಿ ಹತ್ತಿ ಒಂದೊಂದನ್ನೇ ಇಳಿಸಿ, ಬೆನ್ನಿನ ಮೇಲಿನ ಅಕ್ಷರ ಓದಿ, ನೆಲದ ಮೇಲೆ ಪೇರಿಸತೊಡಗಿದರು. ಪಾನಾ ಕೆಳಗಿನ ಓದುವ ಕೋಣೆಯಲ್ಲಿ ಕೂತರೆ ಅವರ ಕೆಮ್ಮು ಕೇಳುತ್ತಿತ್ತು. ಧೂಳಿನ ಕೆಮ್ಮು, ಒಣದು. ನಾಲ್ಕನೆಯ ದಿನದಿಂದ ಅವಳು ಓದುವ ಕೋಣೆಗೆ ಹೋಗುವುದನ್ನೇ ಬಿಟ್ಟಳು. ಕಳ್ಳನ ಮನಸ್ಸು ಹುಳ್ಳಗೆ ಎನ್ನುವುದು ಅವಳ ಮಟ್ಟಿಗೆ ಗಾದೆಯಾಗಿ ಉಳಿದಿರಲಿಲ್ಲ.

ಆ ಜಾಲತಾಣದವರಿಗೆ ಅವಳು ಇಮೇಲ್ ಬರೆದಳು. ಜೀವನದ ಎರಡನೆಯ ಇಮೇಲ್; ಮೊದಲನೆಯದನ್ನು ಪರೀಕ್ಷೆಗಾಗಿ ತನಗೇ ಬರೆದುಕೊಂಡಿದ್ದಳು. ಮರುದಿನವೇ ಉತ್ತರ ಬಂತು: ‘ಅದನ್ನು ಇನ್ನೊಂದು ತಾಣದಿಂದ ತೆಗೆದುಕೊಂಡೆವು. ಆ ತಾಣ ಈಗ ಇಲ್ಲ. ವರದಿಯನ್ನು ನಾವು ನೋಡಿಲ್ಲ. ಆದರೆ ಅಂಕಿ ಚೆನ್ನಾಗಿದೆ, ಅಲ್ಲವೇ?’

ಅಂಕಿ ಚೆನ್ನಾಗಿಯೇ ಇತ್ತು.

ಭಾನುವಾರ ಅಪ್ಪ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ ಪೈಪು ಬಿಚ್ಚುತ್ತಿದ್ದ. ಅವಳು ಟಾರ್ಚ್ ಹಿಡಿದು ಕೂತಿದ್ದಳು.

“ಬೆಳಕು ಇಲ್ಲಿ ಬಿಡೇ ತಾಯಿ, ನನ್ನ ಮೂಗಿನ ಮೇಲಲ್ಲ. ಮೂಗೇನೂ ಸೋರ್ತಿಲ್ಲ.”

“ಅಪ್ಪಾ, ನೀನು ಹಾಕಿದ ಜಾಯಿಂಟು ಸೋರಿ, ಅದಕ್ಕೆ ಬೇರೆ ಯಾರಾದ್ರೂ ಬೈಸ್ಕೊಂಡಿದ್ದು ಉಂಟಾ?”

ಅಪ್ಪ ಪೈಪಿನಿಂದ ಪಾನಾ ತೆಗೆದು ಪಕ್ಕಕ್ಕಿಟ್ಟ.

“ಉಂಟು. ಒಂದು ಮನೇಲಿ ವಾಷರ್ ಹಾಕೋದು ಮರೆತಿದ್ದೆ. ಗೋಡೆ ಎಲ್ಲಾ ತೇವ. ಮನೆಯೋರು ಬಣ್ಣ ಬಳಿದೋನ್ನ ಹಿಡ್ಕೊಂಡ್ರು, ಕೆಟ್ಟ ಬಣ್ಣ ಅಂತ. ನಾನು ಅಲ್ಲೇ ನಿಂತಿದ್ದೆ.”

“ಹೇಳಲಿಲ್ವಾ?”

“ಇಲ್ಲ. ಅವನೂ ಏನೂ ಅನ್ನಲಿಲ್ಲ, ಮತ್ತೆ ಬಳಿದುಕೊಟ್ಟು ಹೋದ.” ಅಪ್ಪ ಕೈ ಹೊರಚಾಚಿ ಬಟ್ಟೆಗಾಗಿ ತಡಕಾಡಿದ. “ಹನ್ನೆರಡು ವರ್ಷ ಆಯ್ತು. ಇವತ್ತಿಗೂ ಆ ಬೀದೀಲಿ ಕೆಲಸ ಅಂದ್ರೆ ಕೈಲಾಗಲ್ಲ ಅಂತೀನಿ. ಬಳಸು ದಾರೀಲಿ ಹೋಗ್ತೀನಿ. ಯಾಕೆ ಕೇಳ್ತಿದ್ದೀಯ?”

“ಸುಮ್ನೆ.”

“ಸುಮ್ನೆ ಕೇಳೋರು ಟಾರ್ಚನ್ನ ಗೋಡೆ ಕಡೆ ತಿರುಗಿಸಲ್ಲ ಮಗಳೇ. ಬೆಳಕು ನೆಟ್ಟಗೆ ಹಿಡಿ.”

ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅವಳು ಗ್ರಂಥಾಲಯದ ಮುಂದಿದ್ದಳು. ಚೀಟಿ ಮೇಷ್ಟ್ರು ಮೇಜಿನ ಮುಂದೆ ಕೂತಿದ್ದರು. ಅಂಗಿಯ ತೋಳಿನ ಅಂಚು ಕಂದಾಗಿತ್ತು. ಎದುರಿಗೆ ಕಳೆದ ಪುಸ್ತಕಗಳ ರಿಜಿಸ್ಟರ್ ತೆರೆದಿತ್ತು, ಶಾಯಿ ಒಣಗಿತ್ತು. ಅವಳು ತಲೆಕೆಳಗಾಗಿಯೇ ಓದಿದಳು: ‘ನೀರು ಸರಬರಾಜು ವರದಿ, 1931. ಹಳೆಯ ಕಟ್ಟಡದಿಂದ ಸಾಗಿಸುವಾಗ ನನ್ನ ಉಸ್ತುವಾರಿಯಲ್ಲಿ ಕಳೆದಿದೆ.’ ಕೆಳಗೆ ಅವರ ಸಹಿ.

“ಸಾಗಿಸಿದ್ದು ಆರು ವರ್ಷದ ಹಿಂದೆ, ಆದ್ರೆ ನಾನು ನೋಡಿದೆ ಅಂದದ್ದು ಹೋದ ತಿಂಗಳು,” ಎಂದಳು. ಮೊದಲು ಬಾಯಿಗೆ ಬಂದದ್ದು ಅದೇ.

“ಅದು ನನಗೂ ಹೊಳೀತು. ಆದರೆ ಹೋದ ತಿಂಗಳು ಕಳೀತು ಅಂತ ಬರೆದ್ರೆ ಕೊನೇಲಿ ಕೈಗೆತ್ತಿಕೊಂಡೋಳು ನೀನಾಗ್ತೀಯ. ನಿನ್ನ ಓದಿನ್ನೂ ಮುಗಿದಿಲ್ಲ, ನನ್ನ ನೌಕರಿ ಮುಗೀತು.”

“ಸರ್, ನಾನು ಅದನ್ನ ನೋಡೇ ಇಲ್ಲ. ಕಂಡೆ ಅಂತ ಬರೆದದ್ದು ಸುಳ್ಳು. ಒಂದು ತಾಣದಲ್ಲಿ ಓದಿದ್ದು. ಅವರೂ ನೋಡಿಲ್ಲವಂತೆ.”

“ಕಂದು?”

“ಅದೂ ಸುಳ್ಳು.”

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದರು.

“ಮೊದಲನೇದು ಅರ್ಥ ಆಗುತ್ತೆ. ಕಚೇರಿ ಮುಚ್ಚೋ ಹೊತ್ತಾಗಿತ್ತು ಅನ್ನು. ಎರಡನೇದು ಯಾಕೆ ಹೇಳಿದೆ? ಆಗ ಯಾವ ಅವಸರ ಇತ್ತು?”

“ನೀವು ನಂಬಿದ್ರಿ, ಸರ್. ಅದಕ್ಕೇ ಹೇಳೋಕಾಗಲಿಲ್ಲ.”

ಬೈಯುತ್ತಾರೆಂದು ಕಾದಳು. ಅವರ ಮುಖ ಮೆಲ್ಲಗೆ ಸಡಿಲವಾಯಿತು. “ಹಾಗಾದ್ರೆ ನಾನು ಕಳೆದಿಲ್ಲ,” ಎಂದರು, ತಮಗೇ ಎಂಬಂತೆ. ಆ ಸಮಾಧಾನವನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು. ಎರಡು ವಾರ ಅದನ್ನು ಅವರಿಂದ ಕಿತ್ತಿಟ್ಟುಕೊಂಡಿದ್ದವಳು ತಾನೇ.

“ನಡಿ. ನಾನೂರ ಹನ್ನೆರಡು ಪುಸ್ತಕ ನೆಲದ ಮೇಲಿವೆ. ಜೋಡಿಸೋಳು ನೀನು.”

ಮೂರು ದಿನ ಜೋಡಿಸಿದಳು. ಅವರು ಕೆಳಗೆ ಸ್ಟೂಲಿನ ಮೇಲೆ ಕೂತು ಸಂಖ್ಯೆ ಹೇಳುತ್ತಿದ್ದರು, ಅವಳು ಏಣಿಯ ಮೇಲಿಂದ ‘ಇದೆ ಸರ್’ ಎನ್ನುತ್ತಿದ್ದಳು. ಪ್ರತಿಯೊಂದರ ಮೊದಲ ಪುಟವನ್ನೂ ತೆರೆದು ನೋಡಬೇಕೆಂದು ಅವರ ಅಪ್ಪಣೆ. 1932ರ ವರದಿಯ ಮೊದಲ ಪುಟದಲ್ಲಿ ಅವಳು ತಡೆದು ನಿಂತಳು. ಹಿಂದಿನ ವರ್ಷದ ವರದಿಯನ್ನು ಬೇರೆಯಾಗಿ ಅಚ್ಚು ಹಾಕಿಸಿಲ್ಲ, ಎರಡು ವರ್ಷದ್ದನ್ನೂ ಇದರಲ್ಲೇ ಸೇರಿಸಿದೆ ಎಂದು ಅಲ್ಲಿತ್ತು. ಪುಟ ತಿರುವುತ್ತ ಹೋದರೆ ನಲ್ಲಿಗಳ ಪಟ್ಟಿ. ಅದರಡಿಯಲ್ಲಿ ಒಂದು ಸಾಲು: ‘ನಲ್ಲಿಗಳ ಬಳಿ ಕಾಯುವವರ ಲೆಕ್ಕವನ್ನು ಇಟ್ಟಿರುವುದಿಲ್ಲ.’

ಗಟ್ಟಿಯಾಗಿ ಓದಿದಳು. ಅವರು ಸ್ಟೂಲಿನಿಂದ ಎದ್ದು ಏಣಿಯ ಬುಡಕ್ಕೆ ಬಂದರು.

“ನಾನೂ ಬರೀ ಬೆನ್ನು ಓದಿದೆ, ಒಳಗೆ ನೋಡಲಿಲ್ಲ,” ಎಂದರು. “ನೀನು ಕಂಡೆ ಅಂದ್ಯಲ್ಲ. ಇದೆಯೋ ಇಲ್ವೋ ಅಂತ ಕೇಳ್ಕೊಳ್ಳಲೇ ಇಲ್ಲ, ಎಲ್ಲಿದೆ ಅಂತಷ್ಟೇ ಹುಡುಕಿದೆ.”

ಪ್ರೊಫೆಸರಿಗೆ ಅವಳೇ ಹೋಗಿ ಹೇಳಿದಳು. ಅವರು ಪ್ರಬಂಧವನ್ನು ವಾಪಸು ಕೊಟ್ಟು, ತರಗತಿಯ ಮುಂದೆಯೂ ಇದನ್ನು ಹೇಳಬೇಕೆಂದರು; ಹೇಳಿದಳು. ಅರ್ಜಿಯ ವಿಷಯಕ್ಕೆ ನಕ್ಕಿದ್ದ ಗೆಳತಿ ಈ ಸಲ ನಗಲಿಲ್ಲ.

ರಿಜಿಸ್ಟರಿನಲ್ಲಿ ಹೊಡೆದುಹಾಕುವಂತಿರಲಿಲ್ಲ, ಅದು ಗ್ರಂಥಾಲಯದ ನಿಯಮ. ಕೆಳಗೆ ಬರೆಯಬಹುದಿತ್ತು, ಪೂರ್ತಿ ಹೆಸರು, ತಾರೀಖು ಹಾಕಿ. ಪಾನಾ ಬರೆದಳು: ‘ಮೇಲಿನ ಸಾಲು ತಪ್ಪು. ಈ ವರದಿ ಅಚ್ಚಾಗಿರಲೇ ಇಲ್ಲ. ನಾನು ನೋಡದೆ, ನೋಡಿದೆ ಎಂದಿದ್ದೆ.’ ಗ್ರಂಥಾಲಯ ಇರುವಷ್ಟು ಕಾಲ ಅದು ಅಲ್ಲಿರುತ್ತದೆ, ಅವರ ಸಹಿಯ ಕೆಳಗೆ.

ಕೆಲಸದ ಕೊನೆಯ ದಿನ ಚೀಟಿ ಮೇಷ್ಟ್ರು ಡ್ರಾಯರ್ ಖಾಲಿ ಮಾಡುತ್ತಿದ್ದರು. ಏಳು ಚೀಟಿಗಳನ್ನು ಲಕೋಟೆಗೆ ಹಾಕಿ ಚೀಲದಲ್ಲಿಟ್ಟರು. ಎಂಟನೆಯದು, ಪ್ರೊಫೆಸರರ ಕೋರಿಕೆಯದು, ಮೇಜಿನ ಮೇಲೇ ಉಳಿದಿತ್ತು. ಅದರಲ್ಲಿ ‘ಕಂದು’ ಎಂಬ ಪದದ ಪಕ್ಕ ಅವರು ‘ಇರಲಿಲ್ಲ’ ಎಂದು ಬರೆದು ಅವಳ ಕಡೆ ಸರಿಸಿದರು.

“ಇದು ನನ್ನ ಲೆಕ್ಕಕ್ಕೆ ಸೇರಲ್ಲಮ್ಮ. ನೀನೇ ಇಟ್ಕೋ.”

ಅವಳು ತೆಗೆದುಕೊಂಡಳು. ಚೀಲ ಹೆಗಲಿಗೇರಿಸಿ ಅವರು ಮೆಟ್ಟಿಲಿಳಿದು ಹೋದರು. ಕೆಮ್ಮು ಮೆಟ್ಟಿಲ ತಿರುವಿನವರೆಗೆ ಕೇಳಿತು, ಆಮೇಲೆ ಹೊರಬಾಗಿಲ ಬಳಿ ಇನ್ನೊಮ್ಮೆ.