ಬಲ್ಬಿನಡಿಯ ಹರಳು

"ನೂರಕ್ಕೆ ತೊಂಬತ್ತೇಳು! ಅಷ್ಟು ವಿಕಿರಣ ತಿಂದ ಹರಳು ಇಷ್ಟು ಬೆಳಕು ಕೊಡುವುದುಂಟಾ ಮಾರಾಯ್ತಿ?" ವೇದಾವತಿ ಮೇಡಂ ಕಂಪ್ಯೂಟರಿನ ಪರದೆಯನ್ನು ಬೆರಳಿನಿಂದ ತಟ್ಟಿದರು. "ನಾಳೆಯೇ ಲೇಖನ ಕಳಿಸುವ. ನಿನ್ನ ಹೆಸರೂ ಇರ್ತದೆ."

ಜಸೀಲಾ ನಗಲು ನೋಡಿದಳು, ಆಗಲಿಲ್ಲ. ಸಂಜೆ ಕಾಲೇಜಿನಲ್ಲಿ ಓದಿ, ಕಾಪುವಿನಿಂದ ದಿನಾ ಬಸ್ಸಿನಲ್ಲಿ ಮಣಿಪಾಲದ ಈ ಪ್ರಯೋಗಾಲಯಕ್ಕೆ ಬರುವ ತಾತ್ಕಾಲಿಕ ಸಹಾಯಕಿ ಅವಳು. ಲೇಖನದಲ್ಲಿ ಹೆಸರು ಬಂದರೆ ಕೆಲಸ ಖಾಯಂ ಆಗುವುದಿತ್ತು.

ಗಾಮಾ ಕಿರಣ ತಾಗಿದರೆ ಮಿನುಗುವ ಹರಳು ಅದು. ಕಿರಣ ಅತಿಯಾದರೆ ಒಳಗೇ ಗಾಯಗೊಂಡು ಹಳದಿಯಾಗುತ್ತದೆ. ತನ್ನ ಬೆಳಕನ್ನು ತಾನೇ ನುಂಗುತ್ತದೆ. ಕಿರಣಕ್ಕೊಡ್ಡಿ ತಂದ ಶುಕ್ರವಾರ ಅದು ಹಳದಿಯಾಗಿತ್ತು. ಈಗ ನೀರಿನಷ್ಟು ತಿಳಿ. ತನ್ನ ಕಣ್ಣೇ ಮೋಸ ಮಾಡಿತೇ ಎಂದು ಬೆಳಿಗ್ಗೆಯಿಂದ ತನ್ನನ್ನೇ ಶಂಕಿಸುತ್ತಿದ್ದಳು.

ಕಣ್ಣಿನ ತಪ್ಪಲ್ಲ, ಕೈಯ ತಪ್ಪು. ಆಟಿ ತಿಂಗಳ ಜಡಿಮಳೆಗೆ ಬಟ್ಟೆ ಬೂಷ್ಟು ಹಿಡಿಯದಿರಲೆಂದು ಮನೆಯಲ್ಲಿ ಉಮ್ಮ ಕಪಾಟಿನೊಳಗೆ ಬಲ್ಬು ಉರಿಸುತ್ತಾರೆ. ಹರಳಿಗೂ ತೇವ ತಾಗಬಾರದು. ಜಸೀಲಾ ಅದನ್ನು ಎರಡು ದಿನ ಅರುವತ್ತು ವ್ಯಾಟಿನ ಬಲ್ಬಿನಡಿ ಇಟ್ಟಿದ್ದಳು. ಬೆಳಕಿಗೂ ಬಿಸಿಗೂ ಆ ಗಾಯ ಮಾಯುತ್ತದೆಂದು ಎಂದೋ ಓದಿದ್ದು ಈಗ ನೆನಪಾಗಿತ್ತು.

"ಮೇಡಂ, ಅದು ಹರಳಿನ ಗುಣ ಅಲ್ಲ. ನಾನು ಬಲ್ಬಿನಡಿ ಒಣಗಿಸಿದ್ದು."

"ಎಂತ? ಒಣಗಿಸ್ಲಿಕ್ಕೆ ಅದೇನು ಹಲಸಿನ ಹಪ್ಪಳವಾ?"

"ತೇವ ಆಗಬಾರದು ಅಂತ..."

"ಒಂದು ಬಲ್ಬು ಎಂತ ಮಾಡ್ತದೆ? ನಿನಗೆ ಎಲ್ಲದಕ್ಕೂ ಹೆದರಿಕೆ."

"ಹೆದರಿಕೆ ಉಂಟು ಮೇಡಂ." ಜಸೀಲಾ ನಿಲ್ಲಿಸಲಿಲ್ಲ. "ಆಸ್ಪತ್ರೆಯ ಸ್ಕ್ಯಾನ್ ಯಂತ್ರದೊಳಗೆ ಬಲ್ಬು ಇರುವುದಿಲ್ಲ ಅಲ್ವಾ? ಅಲ್ಲಿ ಈ ಹರಳು ಹಳದಿಯಾಗಿಯೇ ಕೂರ್ತದೆ. ಹೊಸತೊಂದಕ್ಕೆ ಕಿರಣ ಕೊಟ್ಟು, ಕತ್ತಲಲ್ಲೇ ಇಟ್ಟು ಅಳೆಯುವ."

"ನೀನು ಹೇಳಿದ್ದೇ ಸರಿಯಾದ್ರೆ ಲೇಖನ ಇಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು."

ಮೇಡಂ ಎದ್ದು ಹೋದರು.

ಮುಂದಿನ ಗುರುವಾರ ಮಧ್ಯಾಹ್ನ ಜಸೀಲಾ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದಳು, ಬಾಗಿಲಿನ ಸಂದಿಗೂ ಚಿಂದಿ ತುರುಕಿದಳು. ಕರೆಯದೆಯೇ ಮೇಡಂ ಬಂದು ಮೂಲೆಯಲ್ಲಿ ನಿಂತರು. ಜಸೀಲಾ ಕಿರಣಕ್ಕೊಡ್ಡಿ ತಂದ ಹೊಸ ಹರಳಿಗೆ ಸುತ್ತಿದ್ದ ಕಪ್ಪು ಕಾಗದ ಬಿಚ್ಚಿ, ತಡವರಿಸುತ್ತಲೇ ಅದನ್ನು ಅಳೆಯುವ ಪೆಟ್ಟಿಗೆಯಲ್ಲಿ ಕೂರಿಸಿ ಮುಚ್ಚಿದಳು. ಮಂದ ಕೆಂಪು ದೀಪದಲ್ಲಿ ಅಂಕಿ ಏರಿ, ನಿಂತಿತು.

"ನೂರಕ್ಕೆ ಅರುವತ್ತೊಂದು," ಎಂದಳು ಜಸೀಲಾ. ಪುಸ್ತಕದಲ್ಲಿ ಪೆನ್ನಿನಿಂದಲೇ ಒತ್ತಿ ಬರೆದಳು.

ಮೇಡಂ ಮೂಲೆಯಿಂದಲೇ ಹೇಳಿದರು: "ಇನ್ನೊಮ್ಮೆ ಅಳೆ."

ಅವಳು ಹರಳನ್ನು ತೆಗೆಯಲು ಮುಚ್ಚಳಕ್ಕೆ ಕೈಹಾಕುತ್ತಿದ್ದಂತೆ ಮೇಡಂ ಕೈಯಲ್ಲಿದ್ದ ಮೊಬೈಲು ಬೆಳಗಿತು. ಅವರು ಅದನ್ನು ನೋಡಲೂ ಇಲ್ಲ. ಹರಳಿಗೆ ಬೆಳಕು ತಾಗದಂತೆ ಸೆರಗಿನಲ್ಲಿ ಸುತ್ತಿ, ಹೊಟ್ಟೆಗೊತ್ತಿಕೊಂಡು, ಗೋಡೆಯ ಕಡೆ ತಿರುಗಿ ನಿಂತರು.