ಅರವತ್ತು ಪಟ್ಟು ಹತ್ತಿರ

ಪತ್ರಿಕಾ ಕಚೇರಿಯಲ್ಲಿ ಅವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಭಾನುವಾರದ ಪುರವಣಿಗೆ ‘ಕೊಳ್ಳುವ ಮುನ್ನ’ ಎಂಬ ಅಂಕಣ ಬರೆಯುವುದು ಅವನ ಕೆಲಸ. ಇಸ್ತ್ರಿಪೆಟ್ಟಿಗೆ, ಮಿಕ್ಸರ್, ಟಾರ್ಚು, ರೇನ್‌ಕೋಟು, ಏನೇ ಬರಲಿ, ಹದಿನೈದು ದಿನ ಮನೆಯಲ್ಲಿಟ್ಟುಕೊಂಡು ಬಳಸಿ, ಒಳ್ಳೆಯದೆಷ್ಟು ಕೆಟ್ಟದ್ದೆಷ್ಟು ಎಂದು ತೂಗಿ ಬರೆಯುತ್ತಿದ್ದ. ಕಂಪನಿಯವರು ಕಳಿಸಿದ ಸಿಹಿ ಡಬ್ಬಿಯನ್ನು ಮುಟ್ಟದೆ ವಾಪಸು ಕಳಿಸಿದವನು ಅವನೊಬ್ಬನೇ. ಆ ವಿಷಯದಲ್ಲಿ ಅವನಿಗೆ ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು.

ಅವನು, ಅವನ ಅಕ್ಕ ಇಬ್ಬರೇ ಒಂದು ಹಳೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿದ್ದರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ತಮ್ಮ ಪರೀಕ್ಷೆಗೆಂದು ತರುವ ವಸ್ತುಗಳಿಗೆಲ್ಲ ಮೊದಲ ಬಲಿ ಅವಳೇ. ಅವಳ ಒಂದು ಹುಬ್ಬನ್ನು ಯಾವುದೋ ಹೇರ್ ಡ್ರೈಯರ್ ಅರ್ಧ ಸುಟ್ಟಿದ್ದು ಕಚೇರಿಯಲ್ಲೆಲ್ಲ ಪ್ರಸಿದ್ಧ.

ಆ ಸಲ ಬಂದದ್ದು ಒಂದು ಬ್ರಿಜ್ ಕ್ಯಾಮೆರಾ. ಜೇಬಿನ ಕ್ಯಾಮೆರಾಕ್ಕಿಂತ ದೊಡ್ಡದು, ಮದುವೆ ಫೋಟೋ ತೆಗೆಯುವವರ ಕ್ಯಾಮೆರಾಕ್ಕಿಂತ ಸಣ್ಣದು. ಲೆನ್ಸು ಬಿಚ್ಚುವ ಹಾಗಿಲ್ಲ. ಬೆಲೆ ಸಾಮಾನ್ಯರ ಕೈಗೆಟಕುವಂಥದ್ದು. ಅದರ ದೊಡ್ಡಸ್ತಿಕೆಯೆಲ್ಲ ಜೂಮ್‌ನಲ್ಲಿ: ದೂರದ್ದನ್ನು ಅರವತ್ತು ಪಟ್ಟು ಹತ್ತಿರ ತರುತ್ತದೆ.

ತಕ್ಕಡಿ ಎಂದಿನಂತೆ ಶಿಸ್ತಾಗಿ ಶುರು ಮಾಡಿದ. ಅಕ್ಕ ದಾರ ಪೋಣಿಸುವುದನ್ನು ಕಿಟಕಿಯ ಬೆಳಕಿನಲ್ಲಿ ತೆಗೆದ; ಚೆನ್ನಾಗಿ ಬಂತು. ಅದನ್ನೇ ಟ್ಯೂಬ್‌ಲೈಟಿನಲ್ಲಿ ತೆಗೆದ. ಅಕ್ಕನ ಮುಖದ ಮೇಲೆ ರವೆ ಚೆಲ್ಲಿದ ಹಾಗಾಯಿತು. “ಇದನ್ನ ಪೇಪರಲ್ಲಿ ಹಾಕಿದ್ರೆ ಇವತ್ತೇ ನಿನಗೆ ಊಟ ಬಂದ್” ಎಂದಳು ಅಕ್ಕ. ಓಡುವ ಬಸ್ಸು, ಮೆಟ್ಟಿಲ ಮೇಲಿನ ಬೆಕ್ಕು, ತಟ್ಟೆಯ ಮೇಲಿನ ಹಣ್ಣು, ಎಲ್ಲವೂ ಆಯಿತು. ಇನ್ನುಳಿದದ್ದು ಜೂಮ್.

ಒಂದು ಬೆಳಿಗ್ಗೆ ಏಳು ಗಂಟೆಗೆ ತಾರಸಿ ಹತ್ತಿದ. ಗಾಳಿ ತಿಳಿಯಾಗಿತ್ತು. ಕಟ್ಟೆಯ ಮೇಲೆ ಮೊಣಕೈ ಊರಿ ಮೊದಲು ಜೂಮಿಲ್ಲದೆ ಒಂದು ತೆಗೆದ: ತಾರಸಿಗಳು, ನೀರಿನ ಟ್ಯಾಂಕುಗಳು, ನಡುವೆ ಗೀಟು ಎಳೆದಂತೆ ಒಂದು ರಸ್ತೆ, ರಸ್ತೆಯಲ್ಲಿ ಒಂದು ಚುಕ್ಕೆ. ಆಮೇಲೆ ಜೂಮನ್ನು ತುದಿಮುಟ್ಟ ಎಳೆದ. ಚುಕ್ಕೆ ಬೆಳೆಯಿತು. ಬೇಕರಿಯ ಶಟರ್ ಎತ್ತುತ್ತಿದ್ದ ಒಬ್ಬ ಹೆಂಗಸಾಯಿತು. ತಲೆಗೆ ಕಟ್ಟಿದ ಬಟ್ಟೆ, ಮೇಲೆತ್ತಿದ ಕೈ, ಬದಿಗೆ ತಿರುಗಿದ ಮುಖ. ಮೇಲಿನ ಫಲಕದಲ್ಲಿ ಅಂಗಡಿಯ ಹೆಸರು ಅಕ್ಷರ ಅಕ್ಷರವಾಗಿ. ನಾನೂರು ಮೀಟರ್ ದೂರದಿಂದ, ಬರೀ ಕೈಯಲ್ಲಿ ಹಿಡಿದು! ತಕ್ಕಡಿಗೆ ಖುಷಿ ತಡೆಯಲಾಗಲಿಲ್ಲ.

ಭಾನುವಾರ ಎರಡು ಚಿತ್ರಗಳೂ ಅಕ್ಕಪಕ್ಕ ಅಚ್ಚಾದವು. ಪತ್ರಿಕೆಯ ವೆಬ್‌ಸೈಟಿನಲ್ಲಿ ಇನ್ನೂ ದೊಡ್ಡದಾಗಿ ಬಂದವು. ಕೆಳಗಿನ ಸಾಲು ಅವನದೇ: “ಎಡಗಡೆಯ ಚುಕ್ಕೆಯೊಳಗೆ ಯಾರಿದ್ದಾರೆ, ಬಲಗಡೆ ನೋಡಿ.” ಪುರವಣಿಯ ಸಂಪಾದಕಿ ಅವನ ಮೇಜಿನ ತನಕ ಬಂದು, “ಏನ್ರೀ ತಕ್ಕಡಿ, ಕವಿ ಆಗ್ಬಿಟ್ರಲ್ಲ!” ಎಂದು ಬೆನ್ನು ತಟ್ಟಿ ಹೋದಳು.

ಗುರುವಾರ ಮಧ್ಯಾಹ್ನ ಅವನನ್ನು ಕೇಳಿಕೊಂಡು ಒಬ್ಬ ಹೆಂಗಸು ಕಚೇರಿಗೆ ಬಂದಳು. ಮೂವತ್ತರ ಆಸುಪಾಸು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಾಗಿಲು ಕಾಣುವ ಹಾಗೆ ಗೋಡೆಗೆ ಒರಗಿ ನಿಂತಳು.

“ನೀವು ಹಾಕಿದ ಫೋಟೋದಲ್ಲಿ ನಾನಿದ್ದೀನಿ ಸಾರ್.”

ಪ್ರತಿ ಕೇಳಲು ಬಂದಿದ್ದಾಳೆಂದು ತಕ್ಕಡಿ ನಗುತ್ತಾ ಡ್ರಾಯರಿಗೆ ಕೈ ಹಾಕಿದ. ಅವಳು ಮುಂದಿನ ಮಾತು ಹೇಳಿದಾಗ ಆ ಕೈ ಅಲ್ಲೇ ನಿಂತಿತು.

“ನನ್ನ ಗಂಡನೂ ನೋಡಿದ.”

ಅವಳು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಗಂಡನ ಮನೆ ಬಿಟ್ಟಿದ್ದಳು. ಅವನು ಮುರಿದ ಎಡಗೈ ಸರಿಯಾಗಿ ಕೂಡಿಕೊಂಡಿಲ್ಲವಾದ್ದರಿಂದ ಶಟರ್ ಎತ್ತಲು ಬಲಗೈ ಒಂದೇ. ಎರಡು ಊರು ಬದಲಾಯಿಸಿ ಇಲ್ಲಿಗೆ ಬಂದು, ಬೇಕರಿಯಲ್ಲಿ ಕೆಲಸ, ಅದರ ಮೇಲೆಯೇ ಒಂದು ಕೋಣೆ ಅಂತ ಹೇಗೋ ನೆಲೆ ನಿಂತಿದ್ದಳು. ಫೋಟೋವನ್ನು ಗಂಡನ ಜೊತೆ ಕೆಲಸ ಮಾಡುವವನೊಬ್ಬ ಮೊಬೈಲಿನಲ್ಲಿ ನೋಡಿ ಅವನಿಗೆ ತೋರಿಸಿದನಂತೆ. ಅಂಗಡಿಯ ಹೆಸರು ಹುಡುಕುವ ಕಷ್ಟವೂ ಇರಲಿಲ್ಲ. ಮಂಗಳವಾರ ಬಂದೇ ಬಿಟ್ಟ. ಅವಳು ಒಳಗೆ ಒಲೆಯ ಹತ್ತಿರ ಇದ್ದಳು. ಬೇಕರಿ ಮಾಲೀಕರು ಅಂಥವರು ಯಾರೂ ಇಲ್ಲವೆಂದು ಸಾಧಿಸುತ್ತಿರುವಾಗ ಹಿಂಬಾಗಿಲಿಂದ ಹೊರಬಿದ್ದು, ಶಾಲೆಯಿಂದಲೇ ಮಗಳನ್ನು ಕರೆದುಕೊಂಡು ಗೆಳತಿಯ ಮನೆ ಸೇರಿದ್ದಳು.

“ಪೊಲೀಸರಿಗೆ...” ಎಂದ ತಕ್ಕಡಿ.

“ಹಿಂದೆ ಒಂದು ಸಲ ದೂರು ಕೊಟ್ಟಿದ್ದೆ ಸಾರ್. ಕೂರಿಸಿ ಬುದ್ಧಿ ಹೇಳಿ ಕಳಿಸಿದ್ರು. ಇಬ್ಬರಿಗೂ.”

ಅವನು ಡ್ರಾಯರು ಮುಚ್ಚಿದ. “ಫೋಟೋ ಈಗಲೇ ತೆಗೆಸ್ತೀನಿ” ಎಂದ.

“ತೆಗೆಸಿ. ಆದ್ರೆ ನಾನು ಬಂದಿದ್ದು ಅದಕ್ಕಲ್ಲ.” ಅವಳು ಮೊದಲ ಸಲ ಅವನ ಮುಖ ನೇರ ನೋಡಿದಳು. “ನನ್ನ ಸರ್ಟಿಫಿಕೇಟು, ಮಗಳ ಜನನ ಪತ್ರ ಎಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಆ ರೂಮಲ್ಲೇ ಉಳಿದಿದೆ. ಅವು ಇಲ್ಲದೆ ಬೇರೆ ಊರಲ್ಲಿ ಅವಳನ್ನ ಶಾಲೆಗೆ ಸೇರಿಸೋ ಹಾಗಿಲ್ಲ. ಅವನು ಆ ರಸ್ತೆಯಲ್ಲೇ ಸುತ್ತಾಡ್ತಿದ್ದಾನೆ. ಮಾಲೀಕರು ಹೊರಗೆ ಕಾಲಿಟ್ರೆ ಹಿಂದೆ ಹೋಗ್ತಾನೆ. ನಂಗೆ ಎರಡೇ ನಿಮಿಷ ಸಾಕು. ಅವನು ಎಲ್ಲಿದ್ದಾನೆ ಅಂತ ಯಾರಾದ್ರೂ ನೋಡಿ ಹೇಳ್ಬೇಕು. ನಿಮ್ಮ ತಾರಸಿಯಿಂದ ಕಾಣುತ್ತಲ್ಲ?”

ಅಕ್ಕನಿಗೆ ವಿಷಯ ಹೇಳುವಾಗ ತಕ್ಕಡಿ ತಲೆ ಎತ್ತಲಿಲ್ಲ. ಅಕ್ಕ ಬಯ್ಯುತ್ತಾಳೆಂದುಕೊಂಡಿದ್ದ, ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಯಂತ್ರ ನಿಲ್ಲಿಸಿ, “ಮಿಕ್ಸರ್ ಕೆಟ್ರೆ ಬೇರೆ ತರಬಹುದು ಕಣೋ” ಎಂದಳು, ಅಷ್ಟೇ.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಎಂದು ನಿಗದಿಯಾಯಿತು. ಮೂರು ಗಂಟೆಗೆ ಆ ಹೆಂಗಸಿನ ಬಸ್ಸು. ಮಗಳನ್ನು ಗೆಳತಿ ನೇರವಾಗಿ ನಿಲ್ದಾಣಕ್ಕೆ ಕರೆತರುವುದೆಂದಾಗಿತ್ತು. ಅಕ್ಕ ತಮ್ಮ ಇಬ್ಬರೂ ತಾರಸಿ ಹತ್ತಿದರು. ಆ ಹೆಂಗಸು ಬೇಕರಿಯಿಂದ ಎರಡು ತಿರುವು ಆಚೆ ಔಷಧಿ ಅಂಗಡಿಯಲ್ಲಿ ನಿಂತು ಫೋನು ಹಿಡಿದಿದ್ದಳು. ಗಂಡನ ಗುರುತು ಹೇಳಿದ್ದಳು: ಎತ್ತರ, ಮುಂದಲೆ ಬೋಳು, ಬೂದು ಬಣ್ಣದ ಜಾಕೆಟ್ಟು.

ತಕ್ಕಡಿ ಜೂಮ್ ಎಳೆದ. ಏನೂ ನೆಟ್ಟಗೆ ಕಾಣುತ್ತಿಲ್ಲ. ಬಿಸಿಲಿಗೆ ತಾರಸಿಗಳೆಲ್ಲ ಕಾದು, ಮೇಲಿನ ಗಾಳಿ ಕುದಿಯುವ ನೀರಿನ ಹಾಗೆ ಅಲೆಯುತ್ತಿತ್ತು. ಬೆಳಗಿನ ಹೊತ್ತು ಅಕ್ಷರ ಅಕ್ಷರವಾಗಿದ್ದ ಫಲಕ ಈಗ ಬರೀ ಬಣ್ಣದ ಪಟ್ಟಿ. ಮನುಷ್ಯರು ಉದ್ದವಾಗಿ, ಗಿಡ್ಡವಾಗಿ, ನಡುವೆ ಮುರಿದು ಕಾಣುತ್ತಿದ್ದರು. ಎದುರಿನ ತಾರಸಿಯ ಬಟ್ಟೆ ಒಣಹಾಕುವ ತಂತಿಗೇ ಕ್ಯಾಮೆರಾ ಮತ್ತೆ ಮತ್ತೆ ಫೋಕಸ್ ಆಗಿ, ಅದರ ಹಿಂದಿನ ರಸ್ತೆ ಕರಗಿಹೋಗುತ್ತಿತ್ತು. ತನ್ನ ಬರಹದಲ್ಲಿ ಅವನು ಈ ದೋಷಗಳ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಮಧ್ಯಾಹ್ನದ ಹೊತ್ತು ಜೂಮನ್ನು ಪರೀಕ್ಷಿಸಿಯೇ ಇರಲಿಲ್ಲ.

“ಇದ್ದಾನಾ ಸಾರ್?” ಎಂದಿತು ಫೋನು.

ವಿದ್ಯುತ್ ಕಂಬದ ಪಕ್ಕ ಸ್ಕೂಟರಿಗೆ ಒರಗಿ ಒಬ್ಬ ನಿಂತಿದ್ದ. ಹೆಲ್ಮೆಟ್ ಹಾಕಿದ್ದ. ಜಾಕೆಟ್ಟು ಬೂದೋ, ನೀಲಿಯೋ? ತಕ್ಕಡಿ ಕಣ್ಣುಜ್ಜಿಕೊಂಡ. ‘ಇಲ್ಲ, ಬನ್ನಿ’ ಅಂದರೆ, ಅದು ಅವನೇ ಆಗಿದ್ದರೆ? ‘ಇದ್ದಾನೆ’ ಅಂದು, ಅವನು ಯಾರೋ ದಾರಿಹೋಕನಾಗಿದ್ದರೆ, ಅವಳ ಬಸ್ಸು? ಇಪ್ಪತ್ತು ವರ್ಷದಿಂದ ತೂಗಿ ತೂಗಿ ತೀರ್ಪು ಕೊಟ್ಟವನು ಮತ್ತೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ.

“ಗೊತ್ತಾಗ್ತಾ ಇಲ್ಲ” ಎಂದ ಕೊನೆಗೆ. “ಒಬ್ಬ ಇದ್ದಾನೆ. ಅವನೇನಾ ಅಂತ ಹೇಳೋಕಾಗ್ತಿಲ್ಲ. ಬರಬೇಡಿ.”

“ಮೂರಕ್ಕೆ ಬಸ್ಸು ಸಾರ್” ಎಂದಳು ಅವಳು.

ಅಕ್ಕ ಅವನ ಕೈಯಿಂದ ಫೋನು ಕಿತ್ತುಕೊಂಡಳು. “ಅಲ್ಲೇ ಇರಮ್ಮ, ಬರ್ತೀನಿ. ಕೀ ನನಗೆ ಕೊಟ್ಟು ನೀನು ಸೀದಾ ಬಸ್ ನಿಲ್ದಾಣಕ್ಕೆ ನಡಿ. ರೂಮಿಗೆ ನಾನು ಹೋಗ್ತೀನಿ.”

“ಅಕ್ಕಾ, ಬೇಡ. ನಾನು ಹೋಗ್ತೀನಿ.”

“ನಿನ್ನ ಮುಖ ನೋಡಿದ್ರೆ ಕಳ್ಳ ಅಂತ ಬೀದಿನಾಯಿಗೂ ಗೊತ್ತಾಗುತ್ತೆ. ಸುಮ್ಮನೆ ನಿಂತು ನೋಡ್ತಾ ಇರು.” ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಬಟ್ಟೆಯ ದೊಡ್ಡ ಚೀಲ ಹೆಗಲಿಗೇರಿಸಿ ಅಕ್ಕ ಇಳಿದೇ ಹೋದಳು.

ಹತ್ತು ನಿಮಿಷದ ಮೇಲೆ ಅವಳು ಚೌಕಟ್ಟಿನೊಳಗೆ ಬಂದಳು. ಆ ದಪ್ಪ ಹೆಜ್ಜೆಯನ್ನು ಅವನು ಎಷ್ಟು ಅಲೆಯುವ ಗಾಳಿಯಲ್ಲೂ ಗುರುತಿಸಬಲ್ಲ. ಕಂಬ ದಾಟಿದಳು. ಬದಿಯ ಮೆಟ್ಟಿಲು ಹತ್ತಿದಳು. ಹೆಲ್ಮೆಟ್ಟಿನವನು ಅಲುಗಲಿಲ್ಲ. ತಕ್ಕಡಿ ಎಣಿಸತೊಡಗಿದ, ಎಣಿಕೆ ತಪ್ಪಿತು, ಮತ್ತೆ ಎಣಿಸಿದ. ಅಕ್ಕ ಇಳಿದು ಬಂದಳು. ಚೀಲ ಉಬ್ಬಿತ್ತು.

ಆಗ ಹೆಲ್ಮೆಟ್ಟಿನವನು ಸ್ಕೂಟರು ಬಿಟ್ಟು ಮುಂದೆ ಬಂದ. ರಸ್ತೆ ದಾಟಿ ಅವಳಿಗೆ ಅಡ್ಡ ಬಂದ. ಹೆಲ್ಮೆಟ್ ತೆಗೆದ. ಮುಂದಲೆ ಬೋಳು.

ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿದ್ದಳು ಅಕ್ಕ. ಅಲೆಯುವ ಗಾಳಿಯಲ್ಲೂ ಅವಳು ಕೈಯಾಡಿಸಿ ಏನೋ ಹೇಳುವುದು ಕಂಡಿತು, ಮಾತು ಕೇಳಲಿಲ್ಲ. ಅವನು ಜೇಬಿನಿಂದ ಏನೋ ಕಾಗದ ತೆಗೆದು ಬಿಡಿಸಿದ. ಅವಳ ಕೈ ಹಿಡಿದ. ಕ್ಯಾಮೆರಾ ಮತ್ತೆ ತಂತಿಗೆ ಫೋಕಸ್ ಆಯಿತು. ತಕ್ಕಡಿ ಅದನ್ನು ಕಟ್ಟೆಯ ಮೇಲೆಯೇ ಬಿಟ್ಟು ಮೆಟ್ಟಿಲಿಳಿದು ಓಡಿದ. ನಾಲ್ಕು ಮಹಡಿ, ಆಮೇಲೆ ರಸ್ತೆ, ಆಮೇಲೆ ಸಿಗ್ನಲ್. ನಾನೂರು ಮೀಟರ್ ಎಂದರೆ ಎಷ್ಟೆಂದು ಅವನಿಗೆ ಅಂದೇ ತಿಳಿದದ್ದು.

ಅರ್ಧ ದಾರಿಯಲ್ಲಿ ಅಕ್ಕ ಎದುರಿಗೆ ಸಿಕ್ಕಳು. ಒಬ್ಬಳೇ. ನಿಧಾನವಾಗಿ ನಡೆಯುತ್ತಿದ್ದಳು.

“ಹಿಂದೆ ತಿರುಗಿ ನೋಡ್ಬೇಡ. ನನ್ನ ಜೊತೆ ನಡಿ.” ತಿರುವು ದಾಟಿದ ಮೇಲೆ ಹೇಳಿದಳು. “ಪರದೆಗೆ ಅಳತೆ ತಗೊಳ್ಳೋಕೆ ಬಂದಿದ್ದೆ, ಅಲ್ಲಿದ್ದೋರು ಖಾಲಿ ಮಾಡ್ಕೊಂಡು ಹೋದ್ರಂತೆ ಅಂದೆ. ನಂಬಿದನೋ ಇಲ್ವೋ. ನಿನ್ನ ಪೇಪರಿನ ಚೂರು ತೆಗೆದು ತೋರಿಸಿದ ಕಣೋ. ಇವಳು ನನ್ನ ಹೆಂಡ್ತಿ, ಒಂದೇ ಒಂದು ಸಲ ಮಾತಾಡಿದ್ರೆ ಸಾಕು ಅಂತ ಅತ್ತ. ನಿಜವಾಗ್ಲೂ ಅತ್ತ. ನಂಗೂ ಒಂದು ಗಳಿಗೆ ಅಯ್ಯೋ ಅನ್ನಿಸಿಬಿಡ್ತು.” ಅವಳು ತೋಳು ಮೇಲೆ ಸರಿಸಿದಳು. ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಗುರುತು ಕೆಂಪಗೆ ಮೂಡಿತ್ತು. “ಅಳ್ತಾ ಅಳ್ತಾನೇ ಹೀಗೆ ಹಿಡ್ಕೊಂಡಿದ್ದ. ಬೇಕರಿ ಮಾಲೀಕರು ಹೊರಗೆ ಬಂದು ಜೋರು ಮಾಡಿದ ಮೇಲೇ ಬಿಟ್ಟಿದ್ದು.”

ಅವನು ಹಿಂಬಾಲಿಸುತ್ತಿಲ್ಲವೆಂದು ಗ್ಯಾರಂಟಿ ಮಾಡಿಕೊಳ್ಳಲು ಇಬ್ಬರೂ ಎರಡು ಬಸ್ಸು ಬದಲಾಯಿಸಿದರು. ನಿಲ್ದಾಣ ಮುಟ್ಟುವಾಗ ಮೂರಕ್ಕೆ ಐದು ನಿಮಿಷ. ಹೆಂಗಸು ಮಗಳ ಜೊತೆ ಆಗಲೇ ಸೀಟಿನಲ್ಲಿ ಕೂತಿದ್ದಳು. ಕಿಟಕಿಯಿಂದ ಚೀಲ ತೆಗೆದುಕೊಂಡು, ತಡಕಾಡಿ ಪ್ಲಾಸ್ಟಿಕ್ ಕವರು ಕೈಗೆ ಸಿಕ್ಕ ಮೇಲೆ ಕಣ್ಣು ಮುಚ್ಚಿದಳು. ಅಕ್ಕನ ಮಣಿಕಟ್ಟು ನೋಡಿದಳು. ಅಲ್ಲೇ ಒಂದು ಗಳಿಗೆ ಬೆರಳಿಟ್ಟಳು.

ತಕ್ಕಡಿಗೆ ಕ್ಷಮಿಸಿ ಅನ್ನಬೇಕಿತ್ತು. “ಹೊಸ ಜಾಗಕ್ಕೆ ಹೋದ ಮೇಲೆ ಒಂದು ಫೋನ್ ಮಾಡಿ. ನನ್ನಿಂದ ಏನಾದ್ರೂ...” ಎಂದ.

“ಬೇಡ ಸಾರ್” ಎಂದಳು. ಸಿಟ್ಟಿನಿಂದಲ್ಲ. “ನಾನೆಲ್ಲಿದ್ದೀನಿ ಅಂತ ಎಷ್ಟು ಕಮ್ಮಿ ಜನಕ್ಕೆ ಗೊತ್ತಿದ್ರೆ ಅಷ್ಟು ಒಳ್ಳೇದು.”

ಬಸ್ಸು ಹೊರಟಿತು. ಅದರ ಮುಂದಿನ ಬೋರ್ಡು ಓದದಿರಲೆಂದು ಅವನು ಬೇಕೆಂದೇ ಬೇರೆ ಕಡೆ ತಿರುಗಿ ನಿಂತ.

ಮುಂದಿನ ಭಾನುವಾರಕ್ಕೆ ಅವನು ಆ ಕ್ಯಾಮೆರಾದ ಬಗ್ಗೆಯೇ ಮತ್ತೆ ಬರೆದ. ಹೆಂಗಸಿನ ಗುರುತು ಸಿಗುವ ಒಂದು ಪದವನ್ನೂ ಹಾಕದೆ, ತಾನು ಏನು ಮಾಡಿದೆ, ಅದರಿಂದ ಏನಾಯಿತು ಎಂದು ಬರೆದ. ಸಂಪಾದಕಿ ಓದಿ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

“ಇದನ್ನ ಹಾಕಿದ್ರೆ ತಪ್ಪೆಲ್ಲ ನಮ್ಮದೇ ಅಂತ ಬರೆದುಕೊಟ್ಟ ಹಾಗೆ, ನಾಳೆ ಲಾಯರ್ ನೋಟಿಸು ನನ್ನ ಮೇಜಿಗೆ ಬರುತ್ತೆ. ಒಂದು ಸೂಚನೆ ಹಾಕೋಣ.”

“ಕ್ಯಾಪ್ಷನ್ ಬರೆದೋನು ನಾನು ಮೇಡಂ.”

“ಪುಟಕ್ಕೆ ಬಿಟ್ಟೋಳು ನಾನು” ಎಂದಳು ಅವಳು, ಮುಖ ತಿರುಗಿಸಿ.

ಕೊನೆಗೆ ಮೂರು ಸಾಲು ಬಂತು: ದೂರದ ವ್ಯಕ್ತಿಗಳನ್ನು ಅವರ ಅನುಮತಿಯಿಲ್ಲದೆ ಚಿತ್ರಿಸಿ ಪ್ರಕಟಿಸಬಾರದು, ಹಿಂದಿನ ಚಿತ್ರಕ್ಕೆ ವಿಷಾದಿಸುತ್ತೇವೆ, ಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ಣ ಜೂಮ್ ಉಪಯುಕ್ತವಲ್ಲ. ತಕ್ಕಡಿ ಕ್ಯಾಮೆರಾವನ್ನು ಪೆಟ್ಟಿಗೆಗೆ ಹಾಕಿ ವಾಪಸು ಕಳಿಸಿದ. ತೆಗೆದ ಚಿತ್ರಗಳನ್ನೆಲ್ಲ ಅಳಿಸಿದ. ವೆಬ್‌ಸೈಟಿನಿಂದ ತೆಗೆಸಿದ ಫೋಟೋ ಬೇರೆ ಎಲ್ಲೆಲ್ಲೋ ಓಡಾಡುತ್ತಲೇ ಇತ್ತು. ಕಂಡಲ್ಲೆಲ್ಲ ತೆಗೆಯಿರಿ ಎಂದು ಪತ್ರ ಬರೆಯುವುದು ಅವನಿಗೆ ದಿನದ ಕೆಲಸವಾಯಿತು. ಕೆಲವರು ತೆಗೆದರು. ಅಕ್ಕನ ಮಣಿಕಟ್ಟು ವಾರಗಟ್ಟಲೆ ನೋಯುತ್ತಿತ್ತು. ಕತ್ತರಿ ಹಿಡಿಯುವಾಗ ಅವಳು ಹಲ್ಲು ಕಚ್ಚುವುದನ್ನು ಅವನು ಕಂಡೂ ಕಾಣದವನಂತೆ ಇರುತ್ತಿದ್ದ.

ಒಂದೂವರೆ ತಿಂಗಳ ಮೇಲೆ ಓದುಗರೊಬ್ಬರ ಪತ್ರ ಬಂತು. ನಿವೃತ್ತ ಗುಮಾಸ್ತರು. ನಿಮ್ಮ ಅಂಕಣ ಓದಿಯೇ ಕ್ಯಾಮೆರಾ ಕೊಂಡೆ, ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ, ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಜನ ಕೂದಲು ಬಾಚುವುದು, ಜಗಳವಾಡುವುದು ಎಲ್ಲ ತೆಗೆಯುತ್ತೇನೆ, ಅವರಿಗೆ ಸುಳಿವೇ ಇರುವುದಿಲ್ಲ, ಒಂದು ಪ್ರದರ್ಶನ ಮಾಡಬೇಕೆಂದಿದ್ದೇನೆ, ತಾವೇ ಬಂದು ಉದ್ಘಾಟಿಸಬೇಕು ಎಂದು ಬರೆದಿದ್ದರು. ಕೆಳಗೆ ಫೋನ್ ನಂಬರು.

ತಕ್ಕಡಿ ಪತ್ರವನ್ನು ಎರಡು ಸಲ ಓದಿದ. ಉತ್ತರ ಬರೆಯಲು ಕೂತು, ಬಿಟ್ಟು, ಫೋನಿಗೇ ಕೈ ಹಾಕಿದ.

“ಅಯ್ಯೋ, ನೀವೇನಾ! ಎಂಥ ಭಾಗ್ಯ ಸಾರ್!” ಎಂದರು ಆ ಕಡೆಯಿಂದ.

“ನಿಮಗೆ ಒಂದು ವಿಷಯ ಹೇಳ್ಬೇಕಿತ್ತು ಯಜಮಾನ್ರೇ” ಎಂದ ತಕ್ಕಡಿ. “ಸ್ವಲ್ಪ ಉದ್ದ ಇದೆ. ಪುರುಸೊತ್ತಿದೆಯಾ?”