ಮಾಚಿಪತ್ರೆಯ ಹಬೆ

ಮೇಜಿನ ಮೇಲಿನ ಪ್ಲಾಸ್ಟಿಕ್ ಗರ್ಭಕೋಶದ ಮೇಲೆ ಧೂಳು ಕೂತಿದೆ, ಎರಡೂ ಕಡೆ ಕೈ ಚಾಚಿದ ಹಾಗೆ ಅಂಡನಾಳಗಳು, ತುದಿಗೆ ಬೆರಳಿನಂಥ ಎಳೆಗಳು, ಇದನ್ನು ಯಾರೂ ಒರೆಸುವುದಿಲ್ಲವೇ ಎಂದುಕೊಂಡಳು ಸೊನ್‌ಹ್ವಾ, ಡಾಕ್ಟರಮ್ಮ ಅದನ್ನೇ ಪೆನ್ನಿನಿಂದ ಮುಟ್ಟಿ ಮುಟ್ಟಿ ಹೇಳುತ್ತಿದ್ದಾಳೆ, ನೋಡಿಮ್ಮಾ, ನಿಮ್ಮ ನಾಳ ಎರಡೂ ತೆರೆದೇ ಇವೆ, ಅಂಡಾಶಯ ತಿಂಗಳು ತಿಂಗಳು ತನ್ನ ಕೆಲಸ ಮಾಡ್ತಿದೆ, ಒಳಪದರ ಚೆನ್ನಾಗಿದೆ, ನಿಮ್ಮಲ್ಲಿ ಏನೂ ತೊಂದರೆ ಇಲ್ಲ — ಏನೂ ಇಲ್ಲ, ಹಾಗಾದರೆ ಆ ಪೀಠ? ನಡುವೆ ತೂತು ಕೊರೆದ ಮರದ ಪೀಠ, ಅಡಿಯಲ್ಲಿ ಮಾಚಿಪತ್ರೆ ಕುದಿಯುವ ಮಡಕೆ, ಸೊಂಟದ ಕೆಳಗೆ ಬಟ್ಟೆಯಿಲ್ಲದೆ ಕಂಬಳಿ ಸುತ್ತಿಕೊಂಡು ಕೂರಬೇಕು, ಹಬೆ ನೇರ ಒಳಗೇರಬೇಕು, ಅತ್ತೆ ಬಚ್ಚಲ ಬಾಗಿಲಲ್ಲೇ ಕಾವಲು, ಸ್ವಲ್ಪ ತಡ್ಕೋ ಮಗಳೇ, ನಿನ್ನ ಹೊಟ್ಟೆ ಅಂದ್ರೆ ಮಂಜುಗಡ್ಡೆ, ಮಂಜುಗಡ್ಡೇಲಿ ಬೀಜ ಮೊಳೆಯುತ್ತಾ ಹೇಳು, ತೊಡೆ ಸುಟ್ಟು ಬೊಬ್ಬೆ ಎದ್ದಾಗಲೂ ಆಕೆಗೆ ಖುಷಿಯೇ, ಔಷಧಿ ಹತ್ತಿತು ನೋಡು, ಕರಿ ಆಡಿನ ಕಷಾಯ ಬೆಳಗ್ಗೆ ಒಂದು ಲೋಟ ಸಂಜೆ ಒಂದು ಲೋಟ, ವಾಕರಿಕೆ ಬಂದರೆ ಮನೆಯವರ ಕಿವಿಯೆಲ್ಲ ನೆಟ್ಟಗೆ, ಬಸುರೇನೋ ಅಂತ, ಅಲ್ಲ, ಬರೀ ಆಡಿನ ನಾತ, ದೇಗು ನಗರದ ಕೆಂಡದಂಥ ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ, ಊರಿಗೆ ಊರೇ ತಣ್ಣನೆ ಶಾವಿಗೆ ಸುರ್ರನೆ ಹೀರುತ್ತಿದ್ದರೆ ಅವಳ ಮುಂದೆ ಮಾತ್ರ ಬಿಸಿ ಸಾರು, ಗಂಡ ದೊಂಗ್‌ಷಿಕ್ ತನ್ನ ಬಟ್ಟಲಿನ ಐಸು ಕಟಕಟ ಅಗಿಯುತ್ತಾ, ಅಮ್ಮ ಹೇಳಿದ ಹಾಗೆ ಕೇಳು, ನಿನ್ನ ಒಳ್ಳೇದಕ್ಕೇ ಹೇಳ್ತಾಳೆ, ಅದೇ ದೊಂಗ್‌ಷಿಕ್ ಈಗ ಪಕ್ಕದ ಕುರ್ಚಿಯಲ್ಲಿ ಮಂಡಿ ಅಲ್ಲಾಡಿಸುತ್ತಿದ್ದಾನೆ, ಡಾಕ್ಟರಮ್ಮ ಅವನತ್ತ ತಿರುಗಿ, ನಿಮ್ಮ ವೀರ್ಯದಲ್ಲಿ ಒಂದೂ ವೀರ್ಯಾಣು ಸಿಗಲಿಲ್ಲ, ಮತ್ತೆ ಮತ್ತೆ ನೋಡಿದ್ವಿ, ಚಿಕ್ಕಂದಿನಲ್ಲಿ ಮಂಗನಬಾವು ಆಗಿತ್ತಾ, ಅವನು ಕಿಟಕಿ ನೋಡುತ್ತಾ, ನೆನಪಿಲ್ಲ — ನೆನಪಿಲ್ಲವಂತೆ! ಪ್ರತಿ ಚುಸೊಕ್ ಹಬ್ಬಕ್ಕೂ ಎಲ್ಲರೂ ಸುತ್ತ ಕೂತು ಅಕ್ಕಿಹಿಟ್ಟಿನ ಅರ್ಧಚಂದ್ರ ಕಡುಬು ಮಡಿಸುವಾಗ ಅತ್ತೆ ತಪ್ಪದೆ ಹೇಳುವ ಕಥೆ, ಹೈಸ್ಕೂಲಲ್ಲಿ ಇವನಿಗೆ ಮಂಗನಬಾವು, ಮುಖ ಕುಂಬಳಕಾಯಿ, ಕೆಳಗೆ ಎರಡೂ ಬೀಜ ಊದಿ ಪೇರಳೆ, ಆದ್ರೂ ಬಿಡಲಿಲ್ಲ ನನ್ನ ಮಗ, ಕಾಲು ಅಗಲಿಸ್ಕೊಂಡು ಬಾತುಕೋಳಿ ಥರ ನಡೆದು ಹೋಗಿ ಪರೀಕ್ಷೆ ಬರೆದು ಬಂದ, ನಾದಿನಿ ಎದ್ದು ಆ ನಡಿಗೆ ನಡೆದು ತೋರಿಸುವಳು, ಇವನೂ ಹೊಟ್ಟೆ ಹಿಡಿದುಕೊಂಡು ನಗುವನು, ಸೊನ್‌ಹ್ವಾ ಕೂಡ ನಕ್ಕಿದ್ದಳಲ್ಲ, ಥೂ, ಕೈಯಲ್ಲಿ ಕಡುಬು ಹಿಡಿದು ನಕ್ಕಿದ್ದಳು, ಚಂದದ ಕಡುಬು ಮಾಡಿದರೆ ಚಂದದ ಮಗಳು ಹುಟ್ಟುತ್ತಾಳೆಂದು ಅಂಚು ಒತ್ತಿ ಒತ್ತಿ ಮಡಿಸುತ್ತಾ, ಡಾಕ್ಟರಮ್ಮ ಇನ್ನೂ ಹೇಳುತ್ತಿದ್ದಾಳೆ, ವೃಷಣ ಮೈಯಿಂದ ಹೊರಗೆ ಇರೋದೇ ಅದಕ್ಕೆ, ಮೈಯ ಕಾವಿಗಿಂತ ತಂಪಾಗಿರಬೇಕು, ಬಾವು ಬಂದ್ರೆ ವೀರ್ಯಾಣು ಹುಟ್ಟೋ ಎಳೆನಾಳಗಳೇ ಹಾಳಾಗಬಹುದು — ತಂಪಾಗಿರಬೇಕಾದದ್ದು ಅವನದು, ಹಬೆಗಿಟ್ಟು ಬೇಯಿಸಿದ್ದು ಅವಳನ್ನು, ಆ ಪೀಠ, ನಡುವೆ ತೂತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ದೊಂಗ್‌ಷಿಕ್ ತೋಳು ಹಿಡಿದುಕೊಂಡ, ವರ್ಷಗಳ ಮೇಲೆ ಮೊದಲ ಸಲ ಇಷ್ಟು ಮೆತ್ತಗೆ, ಅಮ್ಮನಿಗೆ ಹೇಳಬೇಡ ಕಣೇ, ಅವಳ ಎದೆ ಒಡೆದುಹೋಗುತ್ತೆ, ನಿನ್ನಲ್ಲೇ ಏನೋ ಸಣ್ಣ ತೊಂದರೆ ಅಂದುಬಿಡೋಣ, ಹೇಗೂ ಅವಳು ಹಾಗೇ ಅಂದ್ಕೊಂಡಿದ್ದಾಳೆ, ನಿಂಗೇನು ಹೊಸದಾ — ಹೊಸದಲ್ಲ, ನಿಜ, ಹಳೆಯ ಬೊಬ್ಬೆಯ ಜಾಗದಲ್ಲಿ ಇನ್ನೊಂದು ಬೊಬ್ಬೆ, ಅಷ್ಟೇ ತಾನೇ, ಚೀಲದೊಳಗೆ ಫೋನು ಒದರುತ್ತಿದೆ, ತೆಗೆದು ಕಿವಿಗಿಟ್ಟಳು, ಅತ್ತೆ, ಏನಂದ್ರು ಮಗಳೇ, ತಣ್ಣಗಿದೆ ಅಂದ್ರು ತಾನೇ, ನಾನು ಹೇಳ್ಲಿಲ್ವಾ, ಮಡಕೆ ಒಲೆ ಮೇಲಿಟ್ಟಿದೀನಿ, ಬೇಗ ಬಾ, ದೊಂಗ್‌ಷಿಕ್‌ನ ಕಣ್ಣು ಬೇಡುತ್ತಿವೆ, ತೋಳಿನ ಮೇಲೆ ಅವನ ಬೆರಳು ಬಿಗಿಯಾಗುತ್ತಿವೆ, ಅವಳ ಬಾಯಿಂದ ಬಂದ ದನಿ ಅವಳಿಗೇ ಅಪರಿಚಿತ, ಅತ್ತೆ, ನಿಮ್ಮ ಮಗನಿಗೆ ಮಂಗನಬಾವು ಆದ ಕಥೆ ಹೇಳ್ತೀರಲ್ಲ, ಅದನ್ನ ಇನ್ನೊಂದ್ಸಲ ಹೇಳಿ, ಡಾಕ್ಟರು ಕೇಳ್ತಿದ್ರು — ಬೆರಳು ತೋಳು ಬಿಟ್ಟವು, ಫೋನಿನ ಆ ಕಡೆ ನೀರು ಕುದಿಯುವ ಸದ್ದು ಮಾತ್ರ, ಹಬೆ ಏಳುತ್ತಿರಬೇಕು, ಬಚ್ಚಲಲ್ಲಿ ಆ ಪೀಠ, ಖಾಲಿ ಪೀಠ, ನಡುವೆ ತೂತು, ನಡುವೆ ತೂತು —